ಮಾತು ಕೊಟ್ಟರೂ ಮುಟ್ಟದ ಕಾಗೆ

ಸತ್ತವರ ಮನಸ್ಸು ಕಾಗೆಗೆ ತಿಳಿಯುತ್ತದೆ ಎಂಬುದನ್ನು ನಾನು ಎಂದೂ ನಂಬಿದವಳಲ್ಲ. ನಿಟ್ಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಇದನ್ನು ಓದಿದರೆ ನನ್ನ ವಿದ್ಯಾರ್ಥಿಗಳು ನಗಬಹುದು, ನಗಲಿ.

ಕೆಲವು ವರ್ಷಗಳ ಹಿಂದೆ ಎರ್ಮಾಳಿನಲ್ಲಿ, ಮುಸ್ಸಂಜೆ ಮನೆಗೆ ಬರುವಾಗ, ನೆರೆಮನೆಯ ಸುಧಾಕರನಿಗೆ ಒಬ್ಬ ಚೂರಿ ಹಾಕುವುದನ್ನು ಕಂಡೆ. ನನ್ನ ಸ್ಕೂಟರಿನ ಬೆಳಕು ಚೂರಿ ಹಾಕಿದವನ ಮುಖಕ್ಕೆ ಬಿದ್ದದ್ದು ಒಂದು ಕ್ಷಣ. ಅವನು ನನ್ನನ್ನು ನೋಡಿದ್ದು ಅದಕ್ಕಿಂತ ಹೆಚ್ಚು ಹೊತ್ತು. ನನ್ನತ್ತ ನಾಲ್ಕು ಹೆಜ್ಜೆ ಇಟ್ಟವನು ಯಾಕೋ ತಿರುಗಿ ಓಡಿದ. ಸುಧಾಕರ ಅಲ್ಲೇ ತೀರಿಕೊಂಡ.

ಮರುದಿನ ಬಂದ ಇನ್‌ಸ್ಪೆಕ್ಟರ್, ಸುಧಾಕರನ ತಾಯಿ ಗಿರಿಜಕ್ಕನ ಕೈ ಹಿಡಿದು, ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನದೊಳಗೆ ಕೊಂದವನನ್ನು ಹಿಡಿಯುತ್ತೇನೆಂದು ಮಾತು ಕೊಟ್ಟರು. ಒಳ್ಳೆಯ ಮನುಷ್ಯ ಎಂದುಕೊಂಡೆ. ಆದರೆ ದಿನ ಕಳೆದಂತೆ ಆ ಮಾತೇ ಅವರಿಗೆ ಉರುಳಾಯಿತು. ಬೊಜ್ಜಕ್ಕೆ ಎರಡು ದಿನವಿರುವಾಗ, ಸುಧಾಕರನೊಡನೆ ಹಿಂದೆ ಜಗಳವಾಡಿದ್ದ ಕಾಪುವಿನ ಲಾರಿ ಕ್ಲೀನರೊಬ್ಬನನ್ನು ಹಿಡಿದು, ಅವನ ಫೋಟೋವನ್ನು ನನ್ನ ಮುಂದಿಟ್ಟರು.

“ಇವನೇ ಅಲ್ವಾ ಮೇಡಂ? ಇವನು ಹೊರಗಿದ್ದರೆ ನಿಮಗೂ ಅಪಾಯ ಉಂಟು.”

ಖಾತ್ರಿಯಿರಲಿಲ್ಲ. ಹೌದೆಂದೆ. ಒಂದು ರಾತ್ರಿಯಾದರೂ ನಿದ್ದೆ ಬೇಕಿತ್ತು.

ಬೊಜ್ಜದ ಮಧ್ಯಾಹ್ನ ಅಂಗಳದಾಚೆ ಎಲೆಯಲ್ಲಿ ಅನ್ನ ಇಟ್ಟರು. ಪಾಗಾರದ ಗೋಡೆಯ ಮೇಲೆ ಕಾಗೆಗಳು ಸಾಲಾಗಿ ಕುಳಿತಿದ್ದವು, ಒಂದೂ ಇಳಿಯಲಿಲ್ಲ. ಸತ್ತವನಿಗೆ ಏನೋ ಬಾಕಿ ಇದ್ದರೆ ಹೀಗಾಗುತ್ತದಂತೆ. ಆಗ ಮನೆಯವರು ಒಬ್ಬೊಬ್ಬರಾಗಿ ಎಲೆಯ ಮುಂದೆ ಮಾತು ಕೊಡಬೇಕು. ತಂಗಿಯ ಮದುವೆ ನಾವು ಮಾಡುತ್ತೇವೆ ಎಂದರು ಅವನ ಸೋದರಮಾವ. ಆಗಲೂ ಇಳಿಯಲಿಲ್ಲ.

“ಬೈಕಿನ ಚಿಂತೆ ಇರ್ಬೇಕು ಮಾರಾಯ, ಯಾರಿಗೂ ಮುಟ್ಲಿಕ್ಕೆ ಬಿಡ್ತಿರ್ಲಿಲ್ಲ” ಎಂದ ಗೆಳೆಯನೊಬ್ಬ. ಎರಡು ಮೂರು ಜನ ನಕ್ಕರು. ಬೈಕು ಮಾರುವುದಿಲ್ಲವೆಂದೂ ಮಾತು ಕೊಟ್ಟಾಯಿತು. ಕಾಗೆ ಕದಲಲಿಲ್ಲ.

ಬೊಜ್ಜಕ್ಕೆ ಬಂದಿದ್ದ ಇನ್‌ಸ್ಪೆಕ್ಟರ್ ಕಡೆ ಗಿರಿಜಕ್ಕ ನೋಡಿದರು. ಅವರು ಶೂ ಕಳಚಿ, ಕೈಮುಗಿದು ನಿಂತರು. “ಸುಧಾಕರ, ಅವನನ್ನು ಹಿಡಿದಾಯ್ತು. ನಾನು ಮಾತು ಉಳಿಸಿದ್ದೇನೆ.”

ಕಾಗೆಗಳೆಲ್ಲ ಒಟ್ಟಿಗೆ ಎದ್ದು ದೂರದ ತೆಂಗಿನ ಮರಕ್ಕೆ ಹೋದವು. ಅಂಗಳದಲ್ಲಿ ಒಂದು ಸದ್ದಿಲ್ಲ. ಹೇಗೆ ಮುಂದೆ ಹೋದೆನೋ ತಿಳಿಯದು.

“ಸುಧಾ, ನಾನು ಮುಖ ಸರಿಯಾಗಿ ನೋಡಲಿಲ್ಲ. ಹೆದರಿ ಹೌದು ಅಂದೆ.”

ಮುಗಿದ ಕೈ ಬಿಡಿಸುವ ಮೊದಲೇ ಒಂದು ಕಾಗೆ ನನ್ನ ಕಾಲ ಬಳಿ ಇಳಿದು ಅನ್ನಕ್ಕೆ ಬಾಯಿ ಹಾಕಿತು.

ಗಿರಿಜಕ್ಕ ಅಳಲಿಲ್ಲ. “ಯಾರನ್ನಾದರೂ ಹಿಡಿಯಿರಿ ಅಂತ ನಾನು ಕೇಳಿದ್ದಲ್ಲ ಸಾರ್” ಎಂದಷ್ಟೇ ಹೇಳಿ ಒಳಗೆ ಹೋದರು.

ಹೇಳಿಕೆ ಬದಲಿಸಿದೆ. ಕ್ಲೀನರನನ್ನು ಬಿಟ್ಟರು. ಬೇರೆ ಯಾರೂ ಸಿಗಲಿಲ್ಲ. ಆ ಇನ್‌ಸ್ಪೆಕ್ಟರ್ ಆಮೇಲೆ ಕಾರ್ಕಳದಲ್ಲಿ ಸಿಕ್ಕಿದ್ದರು; ಈಗ ಸತ್ತವರ ಮನೆಯವರಿಗೆ ‘ಹುಡುಕುತ್ತೇವೆ’ ಎನ್ನುವುದಕ್ಕಿಂತ ಹೆಚ್ಚು ಮಾತು ಕೊಡುವುದಿಲ್ಲವಂತೆ.

ಹಸಿದ ಕಾಗೆ, ಜನ ಸುಮ್ಮನಾದಾಗ ಇಳಿಯಿತು ಎಂದು ನನಗೆ ನಾನೇ ಎಷ್ಟೋ ಸಲ ವಿವರಿಸಿಕೊಂಡಿದ್ದೇನೆ. ಹಾಗಾದರೆ, ಕೊಂದವನನ್ನೇ ಬಿಡಿಸಿದವಳು ನಾನಿರಬಹುದು. ಕಾಗೆಯನ್ನು ನಂಬಿದರೆ, ಕೊಂದವನು ಇಲ್ಲೇ ಎಲ್ಲೋ ಇದ್ದಾನೆ, ನನ್ನ ಮುಖ ಅವನಿಗೆ ಗೊತ್ತು. ಯಾವುದು ನಿಜವೆಂದು ಇವತ್ತಿಗೂ ನನಗೆ ತಿಳಿದಿಲ್ಲ.