ಬಿಳೀ ಪುಟದ ಮರ್ಯಾದೆ

ಇಂದಿರಾನಗರದ ಆ ಮಹಡಿ ಆಫೀಸನ್ನು ನೆನೆದರೆ ಇವತ್ತಿಗೂ ನನಗೆ ಹೇಸಿಗೆಯಾಗುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ಸಣ್ಣಪುಟ್ಟ ವ್ಯಾಪಾರಿಗಳಿಗೆ ನಾವು ವೆಬ್‌ಸೈಟು ಕಟ್ಟಿಕೊಡುತ್ತಿದ್ದೆವು.

ಫ್ರೇಜರ್ ಟೌನಿನಿಂದ ವಯಸ್ಸಾದ ಹೆಂಗಸೊಬ್ಬರು ಬಂದರು. ನಾವೆಲ್ಲ ಆಪಾ ಎನ್ನುತ್ತಿದ್ದೆವು. ಮನೆಮನೆಗೆ ಹೋಗಿ ನಿಖಾ ಸಂಬಂಧ ಕುದುರಿಸುವವರು. ಹುಡುಗಿಯರ ಫೋಟೊಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು, ಹುಡುಗನ ತಾಯಿಗೆ ಮಾತ್ರ ತೋರಿಸಿ, ನಿಂತ ಜಾಗದಲ್ಲೇ ವಾಪಸು ಪಡೆಯುವುದು ಅವರ ರೂಢಿ.

"ಕಂಪ್ಯೂಟರ್‌ನಲ್ಲೂ ಹಂಗೇ ಇರ್ಬೇಕು ಬೇಟಾ. ನಾನು ಪಾಸ್‌ವರ್ಡ್ ಕೊಟ್ಟೋರಿಗೆ ಮಾತ್ರ ಕಾಣ್ಬೇಕು."

"ಆಯ್ತು ಆಪಾ," ಎಂದೆ, ಧಾರಾಳವಾಗಿ.

ಪಾಸ್‌ವರ್ಡ್ ಕೇಳುವ ಕೆಲಸವನ್ನು ಬೇರೊಂದು ಫೈಲಿನಲ್ಲಿ ಬರೆದು, ಪ್ರತಿ ಪುಟದ ಮೊದಲ ಸಾಲಿನಲ್ಲಿ ಅದನ್ನು ಕರೆದುಕೊಳ್ಳಬೇಕಿತ್ತು. ಕರೆಯಲು ಎರಡು ಬಗೆ. 'ರಿಕ್ವೈರ್' ಎಂದರೆ, ಆ ಫೈಲು ಸಿಗದಿದ್ದಾಗ ಪುಟ ಅಲ್ಲೇ ನಿಂತು, ಪರದೆ ಬರೀ ಬಿಳಿಯಾಗಿಬಿಡುತ್ತದೆ. 'ಇನ್‌ಕ್ಲೂಡ್' ಎಂದರೆ, ಒಂದು ಎಚ್ಚರಿಕೆಯ ಸಾಲು ಗೊಣಗಿ ಉಳಿದ ಪುಟವನ್ನು ತೋರಿಸಿಬಿಡುತ್ತದೆ. ನಾನು ರಿಕ್ವೈರ್ ಬರೆದಿದ್ದೆ. ಬಾಸ್ ನೋಡಿ ಮುಖ ಸಿಂಡರಿಸಿದ.

"ಬಿಳೀ ಪೇಜ್ ಬಂದ್ರೆ ಕ್ಲೈಂಟ್ ಮುಂದೆ ಮರ್ಯಾದೆ ಹೋಗುತ್ತೆ ಗುರು. ಎಲ್ಲಾ ಕಡೆ ಇನ್‌ಕ್ಲೂಡ್ ಹಾಕು. ವಾರ್ನಿಂಗ್ ಕಾಣದಂಗೆ ಮುಚ್ಬಿಡು."

ಆ ಆಫೀಸಿನ ಧರ್ಮವೇ ಅದು. ಬೀಗ ಸಿಗದಿದ್ದರೆ ಬಾಗಿಲು ತೆರೆದೇ ಇರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡು ಬದಲಾಯಿಸಿದೆ.

ಕೆಲವು ತಿಂಗಳಾದ ಮೇಲೆ ಸೈಟನ್ನು ಹೊಸ ಸರ್ವರಿಗೆ ಸಾಗಿಸಿದೆವು. ಪಾಸ್‌ವರ್ಡ್ ಕೇಳುವ ಆ ಒಂದು ಫೈಲು ಮಾತ್ರ ಹಳೆಯದರಲ್ಲೇ ಉಳಿಯಿತು. ಯಾರಿಗೂ ತಿಳಿಯಲಿಲ್ಲ. ತಿಳಿಯದಂತೆ ನಾವೇ ಮುಚ್ಚಿದ್ದೆವಲ್ಲ! ಪುಟಗಳು ಪಾಸ್‌ವರ್ಡ್ ಕೇಳದೆ, ಬಂದವರಿಗೆಲ್ಲ ತೆರೆದುಕೊಂಡವು.

ನಾಲ್ಕನೆಯ ದಿನ ಆಪಾ ಒಂದು ಪ್ರಿಂಟು ಹಿಡಿದು ಬಂದರು. ಶಿವಾಜಿನಗರದ ಸೈಬರ್ ಕೆಫೆಯಲ್ಲಿ ಯಾರೋ ತೆಗೆದದ್ದು. ಒಬ್ಬ ಹುಡುಗಿಯ ಮುಖ, ಕೆಳಗೆ ಮನೆಯ ಫೋನ್ ನಂಬರು. ಆ ಮನೆಗೆ ಎರಡು ದಿನದಿಂದ ಹೊಲಸು ಮಾತಿನ ಕರೆಗಳು. ಅಪ್ಪ ಅವಳನ್ನು ಕಾಲೇಜು ಬಿಡಿಸಿದ್ದ.

ಬಾಸ್ ಹಲ್ಲು ಕಿರಿದ. "ಟೆಕ್ನಿಕಲ್ ಪ್ರಾಬ್ಲಂ ಮೇಡಂ. ಆದ್ರೆ ಸೈಟ್ ಒಂದು ನಿಮಿಷಾನೂ ನಿಂತಿಲ್ಲ ನೋಡಿ."

ಅವನ ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯಲು ನನಗೆ ಯಾವ ಮುಖವಿತ್ತು?

ಆಪಾ ನನ್ನ ಕಡೆ ತಿರುಗಿದರು. "ಹಿಂಗಾಗುತ್ತೆ ಅಂತ ನಿಂಗೆ ಗೊತ್ತಿತ್ತಾ ಬೇಟಾ?"

"ಇಲ್ಲ ಆಪಾ," ಎಂದೆ.

ಅವರು ಪ್ರಿಂಟನ್ನು ಮಡಚಿ ಬಟ್ಟೆಯೊಳಗೆ ಸುತ್ತಿದರು. ನನ್ನ ಭುಜ ತಟ್ಟಿ, "ಪಾಪ, ಹಂಗಾದ್ರೆ ನೀನೇನು ಮಾಡ್ತೀಯ," ಎಂದು ಮೆಟ್ಟಿಲಿಳಿದು ಹೋದರು.