ಉಳುಕು ತೆಗೆಯುವ ಕಾಲು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಎಡಗಾಲಲ್ಲಿ ಮೂರು ಸಲ ಒದ್ದರೆ ಸೊಂಟದ ಉಳುಕು ಬಿಟ್ಟುಹೋಗುತ್ತದೆಂದು ನಮ್ಮ ಕಡೆ ನಂಬಿಕೆ. ತೀರ್ಥಹಳ್ಳಿಯ ತವರಿನಲ್ಲೂ ಮದುವೆಯಾಗಿ ಬಂದ ಹೊಸನಗರದಲ್ಲೂ ಎಷ್ಟೋ ಬೆನ್ನುಗಳನ್ನು ಒದ್ದಿದ್ದೇನೆ. ಒದೆಸಿಕೊಂಡವರು ಬಾಳೆಕಾಯಿಯೋ ಸೌತೆಕಾಯಿಯೋ ತಂದುಕೊಡುತ್ತಿದ್ದರು.

ಆ ಬುಧವಾರ, ಟೈಲರ್ ಅಂಗಡಿಗೆ ಹೋಗಿದ್ದ ನಮ್ಮವರು ಹತ್ತು ಗಂಟೆಗೇ ವಾಪಸು ಬಂದರು. ಹೊಲಿಗೆ ಮಿಷನ್ ಮುಂದೆ ಕೂತಲ್ಲೇ ಬಲ ಪಕ್ಕೆಯ ಹಿಂದೆ ನೋವು ಹಿಡಿದಿತ್ತು. ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ.

"ಆಸ್ಪತ್ರೆಗೆ ಹೋಗೋಣ" ಎಂದೆ.

"ಉಳುಕಿಗೆ ಎಂತಾ ಆಸ್ಪತ್ರೆ? ಒದಿ ಮಾರಾಯ್ತಿ, ಇಷ್ಟು ವರ್ಷದ ಸಿಟ್ಟೆಲ್ಲ ತೀರಿಸ್ಕೊ" ಎಂದು ಚಾಪೆಯ ಮೇಲೆ ಬೋರಲಾದರು.

ನಗುತ್ತಲೇ ಒದ್ದೆ. ಮೂರನೆಯದಕ್ಕೆ ಕೂಗಿಕೊಂಡರು. ಆ ಕೂಗಿಗೆ ಪಕ್ಕದ ಮನೆಯ ಅತ್ತಿಗೆ, ನಮ್ಮವರ ಅಕ್ಕ, ಓಡಿ ಬಂದರು. ಅರ್ಧ ಗಂಟೆಯಲ್ಲಿ ಮೈಯೆಲ್ಲ ತಣ್ಣನೆಯ ಬೆವರು. ಎದ್ದು ನಿಂತವರು ಕುಸಿದರು.

ಸಾಗರದ ಆಸ್ಪತ್ರೆಯಲ್ಲಿ ಬಿಪಿ ನೋಡಿದರು, ತೀರಾ ಇಳಿದಿತ್ತು. ಮೂತ್ರದಲ್ಲಿ ರಕ್ತ ಹೋಗಿತ್ತೇ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಾರೆಯೇ ಎಂದು ಡಾಕ್ಟರು ಕೇಳಿದರು. ಎರಡೂ ಇಲ್ಲವೆಂದೆ.

"ಪೆಟ್ಟು ಏನಾದ್ರೂ ಬಿದ್ದಿತ್ತಾ?"

"ಇಲ್ಲ" ಎಂದೆ. ನಾಲಿಗೆ ಹಾಗೇ ಹೊರಳಿತು.

"ಇಲ್ಲ ಅಂತಾಳೆ ನೋಡಿ! ಇವ್ಳೇ ಒದ್ದಿದ್ದು ಸಾರ್" ಎಂದರು ಅತ್ತಿಗೆ. ಹಿಂದಿನ ತಿಂಗಳಷ್ಟೇ ನನ್ನ ಹತ್ತಿರ ಒದೆಸಿಕೊಂಡು ಹೋಗಿದ್ದವರು.

ಸ್ಕ್ಯಾನಿಂಗ್‌ನಲ್ಲಿ ಬಲ ಕಿಡ್ನಿಯ ಸುತ್ತ ರಕ್ತ ಕಟ್ಟಿರುವುದು ಕಂಡಿತು. ರಕ್ತ ಕೊಡುತ್ತಲೇ ಶಿವಮೊಗ್ಗಕ್ಕೆ ಸಾಗಿಸಿದರು. ಅಲ್ಲಿ ಸಿಟಿ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು: ಕಿಡ್ನಿಯಲ್ಲಿ ಸದ್ದಿಲ್ಲದೆ ಬೆಳೆದಿದ್ದ ಕೊಬ್ಬಿನ ಗೆಡ್ಡೆಯೊಂದು ಒಡೆದಿತ್ತು. ತೊಡೆಸಂದಿಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಸೋರುವ ಕಡೆ ಮುಚ್ಚಿದರು. ಎರಡು ದಿನ ನಿಂತಿದ್ದ ರಕ್ತ ಮತ್ತೆ ಸೋರತೊಡಗಿತು. ಕಿಡ್ನಿಯನ್ನೇ ತೆಗೆಯಬೇಕಾಯಿತು.

"ನಾನು ಒದ್ದಿದ್ದಕ್ಕೇ ಹೀಗಾಯ್ತಾ?" ಎಂದು ಅಲ್ಲಿನ ಡಾಕ್ಟರನ್ನು ಕೇಳಿದೆ.

"ನೋವು ಮೊದ್ಲೇ ಇತ್ತಲ್ಲಮ್ಮ, ಅಂದ್ರೆ ಆಗ್ಲೇ ಒಡೆದಿತ್ತು. ಪೆಟ್ಟಿಲ್ದೆನೂ ಒಡೆಯತ್ತೆ ಇದು."

"ಒದ್ದಿದ್ದಕ್ಕೆ ಜಾಸ್ತಿ ಆಯ್ತಾ?"

ಅವರು ಫಿಲ್ಮನ್ನು ಕವರಿಗೆ ತುರುಕಿದರು. "ಅದನ್ನ ಹೇಳಕ್ಕಾಗಲ್ಲ."

ಈಗ ನಮ್ಮವರು ಅಂಗಡಿಗೆ ಹೋಗುತ್ತಾರೆ, ಉಪ್ಪು ಕಡಿಮೆ ತಿನ್ನುತ್ತಾರೆ. ಯಾರೇ ನೆಂಟರು ಬರಲಿ, ಅತ್ತಿಗೆ ನನ್ನನ್ನು ತೋರಿಸಿ, "ಗಂಡನ ಕಿಡ್ನಿ ಒದ್ದು ತೆಗೆದೋಳು" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನು ಬಡಿಸುತ್ತಾ ನಮ್ಮವರ ಮುಖ ನೋಡುತ್ತೇನೆ. ಒದಿ ಎಂದದ್ದು ತಾನೇ ಎಂದು ಒಂದು ಸಲ ಹೇಳಿದರೆ ಸಾಕಿತ್ತು. ಅವರು ತಲೆ ಬಗ್ಗಿಸಿ ಮಜ್ಜಿಗೆ ಅನ್ನ ಕಲಸುತ್ತಿರುತ್ತಾರೆ.