ಕಣ್ಣು ಮುಚ್ಚುವ ಡ್ರೈವಿಂಗ್ ಮೇಷ್ಟ್ರು

ಡ್ರೈವಿಂಗ್ ಕಲಿಸುವವರು ಏನು ಬೇಕಾದರೂ ಮಾಡಬಹುದು, ಕಣ್ಣು ಮಾತ್ರ ಮುಚ್ಚಬಾರದು. ಇಷ್ಟು ಸಣ್ಣ ವಿಷಯವನ್ನು ನನ್ನ ಭಾವನಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಮುಗಿಯಿತು. ಹೊಸಬರು ಸ್ಟಿಯರಿಂಗ್ ಹಿಡಿದು ಬೆವರುತ್ತಾ ಕುಳಿತಿರುತ್ತಿದ್ದರು. ಪಕ್ಕದ ಸೀಟಿನಲ್ಲಿ ಭಾವ ಬೆಲ್ಟ್ ಹಾಕಿಕೊಂಡು, ಎರಡೂ ಕೈಗಳನ್ನು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ, ‘ತಂದೆಯೇ, ಈ ಜೀವವನ್ನು ಕಾಪಾಡು’ ಎಂದು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರು. ಮೇಷ್ಟ್ರಿಗೇ ಇಷ್ಟು ಭಯವಿದ್ದರೆ ನಮ್ಮ ಗತಿಯೇನು ಎಂದು ಕಲಿಯಲು ಬಂದವರ ಜೀವ ಬಾಯಿಗೆ ಬರುತ್ತಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಸ್ಕೂಲು ನನ್ನದು. ಒಂದೇ ಕೋಣೆಯ ಆಫೀಸು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಹೊರಗೆ ಎರಡು ಕಾರು. ಭಾವ ಮೊದಲು ಸಿಟಿ ಬಸ್ಸು ಓಡಿಸುತ್ತಿದ್ದವರು. ಆಗ ಅವರ ಬಾಯಲ್ಲಿ ಬರೀ ಬೈಗುಳ. ಸೈಕಲ್ಲಿನವನು ಅಡ್ಡ ಬಂದರೆ ಅವನ ಮುತ್ತಾತನನ್ನೂ ಬಿಡುತ್ತಿರಲಿಲ್ಲ. ಡಿಪೋ ಎದುರಿನ ಹಾಲ್‌ನಲ್ಲಿ ಭಾನುವಾರ ಕ್ರೈಸ್ತರ ಒಂದು ಸಭೆ ಸೇರುತ್ತಿತ್ತು. ಒಮ್ಮೆ ಪಾಳಿ ಶುರುವಾಗುವ ಮೊದಲು ಚಳಿ ತಡೆಯಲಾರದೆ ಅದರ ಹಿಂದಿನ ಬೆಂಚಿನಲ್ಲಿ ಹೋಗಿ ಕೂತರಂತೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, “ನಿಮಗೋಸ್ಕರ ಏನಂತ ಪ್ರಾರ್ಥನೆ ಮಾಡ್ಲಿ?” ಎಂದು ಕೇಳಿದರಂತೆ. ಅಷ್ಟು ವರ್ಷ ಅವರ ಬಸ್ಸು ಹತ್ತಿ ಇಳಿದ ಜನರಲ್ಲಿ ಹಾಗೆ ಕೇಳಿದವರು ಒಬ್ಬರೂ ಇರಲಿಲ್ಲ. ಭಾವ ಅಲ್ಲೇ ಕರಗಿಹೋದರು. ಗಂಡ ಎಲ್ಲಿಗೆ ಹೋಗುತ್ತಾರೆ ನೋಡೇಬಿಡೋಣ ಎಂದು ಹಿಂದೆ ಹೋದ ಅಕ್ಕ ಈಗ ಅಲ್ಲಿ ಹಾಡು ಹೇಳಿಕೊಡುತ್ತಾಳೆ.

ನಮ್ಮ ಊರಿನಲ್ಲಿ ದೇವರ ಮಾತೆತ್ತುವುದೆಂದರೆ ಪಕ್ಕದ ಮನೆಯವರ ಸಂಬಳ ಕೇಳಿದ ಹಾಗೆ. ಯಾರೂ ಬೈಯುವುದಿಲ್ಲ, ಮುಖ ಆ ಕಡೆ ತಿರುಗಿಸುತ್ತಾರೆ. ನಾನೂ ಆ ಗುಂಪಿನವನೇ. ನನಗೆ ದೇವರ ಜೊತೆ ಜಗಳವೂ ಇಲ್ಲ, ಪರಿಚಯವೂ ಇಲ್ಲ. ಭಾವನಿಗೆ ಮಾತ್ರ ಕೆಂಪು ದೀಪ ಹತ್ತಿದರೆ ಸಾಕು, ಸುವಾರ್ತೆ ಶುರು. ಯು-ಟರ್ನ್ ಕಲಿಸುವಾಗ ಪಶ್ಚಾತ್ತಾಪದ ಮಾತು, ಕನ್ನಡಿ ನೋಡುವುದನ್ನು ಕಲಿಸುವಾಗ ಹಳೇ ಪಾಪದ ಮಾತು. ಕಲಿಯುವವರು ಎದ್ದು ಹೋಗೋಣವೆಂದರೆ ಸ್ಟಿಯರಿಂಗ್ ಅವರ ಕೈಯಲ್ಲೇ ಇರುತ್ತಿತ್ತು.

ಒಬ್ಬರು ಮಾತ್ರ ಎದ್ದೇ ಹೋದರು. ಮುಂದಿನ ಬೀದಿಯಲ್ಲಿ ಔಷಧಿ ಅಂಗಡಿ ನಡೆಸುವಾಕೆ. ಮೊದಲ ದಿನ ಭಾವ ಕಣ್ಣು ಮುಚ್ಚಿದ್ದೇ ತಡ, ಕಾರಿನ ಬಾಗಿಲನ್ನು ದಡಾರನೆ ಹಾಕಿ ನನ್ನ ಆಫೀಸಿಗೆ ನುಗ್ಗಿದರು.

“ನಮ್ಮೆಜಮಾನ್ರು ಆಸ್ಪತ್ರೇಲಿದ್ದಾಗ ಇಂಥವರೇ ಬಂದು ಮಂಚದ ಸುತ್ತ ನಿಂತ್ರು. ಖಂಡಿತ ವಾಸಿಯಾಗುತ್ತೆ, ದೇವರು ನಮಗೆ ಹೇಳಿದ್ದಾನೆ ಅಂದ್ರು. ನಾನೂ ನಂಬಿದೆ. ನಮ್ಮವರು ತೀರಿಹೋದ್ರು. ಆಮೇಲೆ ಆ ಜನ ಒಬ್ರೂ ನಮ್ಮ ಕಡೆ ತಲೆ ಹಾಕ್ಲಿಲ್ಲ. ನನಗೆ ಕಾರು ಕಲಿಸಿ ಸಾಕು, ದೇವರು ಬೇಡ.”

ಕಲಿಯದೆ ಅವರಿಗೆ ಗತಿ ಇರಲಿಲ್ಲ. ಅತ್ತೆಯನ್ನು ಡಯಾಲಿಸಿಸ್ಸಿಗೆ ಅದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮೊದಲೆಲ್ಲ ಗಂಡ ಕರೆದೊಯ್ಯುತ್ತಿದ್ದರು, ಈಗ ಪಕ್ಕದ ಮನೆಯವರ ಕೈಕಾಲು ಹಿಡಿದು ಕಳಿಸಬೇಕು, ಕಾರು ಮನೆಯ ಮುಂದೆ ಧೂಳು ತಿನ್ನುತ್ತಿತ್ತು. ನನ್ನ ಇನ್ನೊಬ್ಬ ಮೇಷ್ಟ್ರು ಕೈ ಮುರಿದುಕೊಂಡು ಮನೆಯಲ್ಲಿದ್ದ. ಉಳಿದವರು ಭಾವ ಒಬ್ಬರೇ. ನನಗೆ ಪಿತ್ತ ನೆತ್ತಿಗೇರಿತು.

“ಭಾವ, ಜನ ಇಲ್ಲಿಗೆ ಗೇರ್ ಹಾಕೋದು ಕಲಿಯೋಕೆ ಬರ್ತಾರೆ, ಸ್ವರ್ಗಕ್ಕೆ ದಾರಿ ಕೇಳೋಕಲ್ಲ. ಇವತ್ತಿಂದ ಕಾರೊಳಗೆ ದೇವರ ಹೆಸರೆತ್ತಬಾರದು, ಕಣ್ಣು ಮುಚ್ಚಬಾರದು. ಇನ್ನೊಂದು ದೂರು ಬಂದ್ರೆ ಕಾರಿನ ಕೀ ಇಲ್ಲಿಟ್ಟು ಮನೆಗೆ ಹೋಗಿ. ಅಕ್ಕ ನನ್ನ ಹತ್ರ ಮಾತು ಬಿಟ್ರೂ ಚಿಂತೆಯಿಲ್ಲ.”

ಭಾವ ಕಾರಿನ ಕೀಯನ್ನು ಬೆರಳಲ್ಲಿ ತಿರುಗಿಸಿದರು. “ಅವರಾಗೇ ಕೇಳಿದ್ರೆ?”

“ಕೇಳಲ್ಲ.”

“ಅಕಸ್ಮಾತ್ ಕೇಳಿದ್ರೆ ಕಣಯ್ಯಾ.”

“ಕೇಳಿದ್ರೆ ಎಂಜಿನ್ ಆಫ್ ಮಾಡಿ, ಕೆಳಗಿಳಿದು ಹೇಳಿ. ಒಳಗೆ ಮಾತ್ರ ಬೇಡ.”

“ಆಯ್ತು, ಮಾತು ಕೊಟ್ಟೆ.”

ಅವರ ಮಾತಿನ ಮೇಲೆ ನನಗೇನೂ ಭರವಸೆ ಇರಲಿಲ್ಲ. ಆಕೆಯ ಪಾಠದ ದಿನಗಳಲ್ಲಿ ನಾನೇ ಹಿಂದಿನ ಸೀಟಿನಲ್ಲಿ, ಮಂಡಿ ಎದೆಗೆ ತಾಗಿಸಿಕೊಂಡು, ಕಾವಲುಗಾರನ ಹಾಗೆ ಕೂರತೊಡಗಿದೆ. ಮಾಲೀಕನ ಹಣೆಯಲ್ಲಿ ಇಂಥ ಅವತಾರವೂ ಬರೆದಿತ್ತು.

ಭಾವ ಮಾತು ಉಳಿಸಿಕೊಂಡರು. ಉಳಿಸಿಕೊಳ್ಳುವುದು ಎಷ್ಟು ಕಷ್ಟವಾಗುತ್ತಿತ್ತೆಂದು ಹಿಂದಿನಿಂದಲೇ ಕಾಣುತ್ತಿತ್ತು. ಕೆಂಪು ದೀಪದ ಮುಂದೆ ಹೊಟ್ಟೆನೋವು ಬಂದವರ ಹಾಗೆ ತುಟಿ ಕಚ್ಚಿಕೊಂಡು ಕೂರುತ್ತಿದ್ದರು. “ಕ್ಲಚ್ ನಿಧಾನ, ಇನ್ನೂ ನಿಧಾನ” ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಅವರ ಬಾಯಿಗೆ ಬೀಗ ಬಿದ್ದ ಮೇಲೆ ಆಕೆ ಮಾತಾಡಲು ಶುರುಮಾಡಿದರು: ಅಂಗಡಿಯ ತಾಪತ್ರಯ, ಅತ್ತೆಯ ಹಟ, ಮನೆಯಲ್ಲಿ ಸಂಜೆ ಹೊತ್ತು ಕಳೆಯದೆ ಇರುವುದು. ಭಾವ ಎಲ್ಲವನ್ನೂ ಕೇಳಿಸಿಕೊಂಡು ಮರುದಿನ “ಅತ್ತೆ ನಿನ್ನೆ ಊಟ ಮಾಡಿದ್ರಾ?” ಎಂದು ವಿಚಾರಿಸುತ್ತಿದ್ದರು. ನಮ್ಮ ಭಾವನಿಗೆ ಕಿವಿಯೂ ಇದೆ ಎನ್ನುವುದು ನನಗೆ ಗೊತ್ತಾಗಿದ್ದೇ ಆಗ.

ಆಕೆ ಚೆನ್ನಾಗಿ ಕಲಿತರು. ಆಸ್ಪತ್ರೆಯ ರಸ್ತೆ ಬಂದಾಗ ಮಾತ್ರ ಇಂಡಿಕೇಟರ್ ಕೂಡ ಹಾಕದೆ ಎಡಕ್ಕೆ ತಿರುಗಿಸಿಬಿಡುತ್ತಿದ್ದರು. “ನೇರ ಹೋಗ್ಬೇಕಿತ್ತಮ್ಮ” ಎಂದರೆ “ನಾಳೆ ಹೋಗೋಣ ಮೇಷ್ಟ್ರೇ” ಎನ್ನುವರು. ಆ ಗೇಟು ದಾಟಲಾಗದಿದ್ದರೆ ಲೈಸೆನ್ಸು ತೆಗೆದುಕೊಂಡು ಏನು ಪ್ರಯೋಜನ? ಭಾವ ಬಲವಂತ ಮಾಡಲಿಲ್ಲ, ಸುಮ್ಮನೆ ಕಾದರು.

ಒಂದು ಬೆಳಿಗ್ಗೆ ಆಕೆ ಎಡಕ್ಕೆ ತಿರುಗಿಸಲಿಲ್ಲ. ನೇರ ಹೋಗಿ, ಆಸ್ಪತ್ರೆಯ ಗೇಟು ಕಂಡದ್ದೇ ರಸ್ತೆ ಪಕ್ಕಕ್ಕೆ ಎಳೆದು ಎಂಜಿನ್ ಆಫ್ ಮಾಡಿದರು.

“ಮೇಷ್ಟ್ರೇ, ನಿಮ್ಮ ದೇವರು ಯಾಕೆ ಹಾಗ್ಮಾಡಿದ? ವಾಸಿ ಮಾಡ್ತೀನಿ ಅಂತ ಹೇಳಿ ಯಾಕೆ ಕರ್ಕೊಂಡ?”

ನನ್ನ ಕಿವಿ ನೆಟ್ಟಗಾಯಿತು. ಭಾವ ತಿರುಗಿ ನನ್ನನ್ನೊಮ್ಮೆ ನೋಡಿದರು. ಬೆಲ್ಟ್ ಬಿಚ್ಚಿ ಕೆಳಗಿಳಿದು ಫುಟ್‌ಪಾತಿನ ಮೇಲೆ ನಿಂತು, “ಇಲ್ಲಿ ಬನ್ನಿಯಮ್ಮ” ಎಂದು ಕರೆದರು. ಆಕೆ ಅರ್ಥವಾಗದೆ ಇಳಿದರು. ಇನ್ನೇನು, ಇಷ್ಟು ದಿನ ಕಟ್ಟಿಟ್ಟ ಉಪದೇಶವೆಲ್ಲ ಒಟ್ಟಿಗೇ ಬರುತ್ತದೆ ಎಂದುಕೊಂಡು ನಾನು ಕಿಟಕಿ ಗಾಜು ಇಳಿಸಿದೆ.

“ಗೊತ್ತಿಲ್ಲಮ್ಮ” ಎಂದರು ಭಾವ.

ಆಕೆ ಅವರನ್ನೇ ನೋಡುತ್ತಾ ನಿಂತರು.

“ಯಾಕೆ ಅಂತ ನನಗೆ ನಿಜವಾಗ್ಲೂ ಗೊತ್ತಿಲ್ಲ. ಆದ್ರೆ ವಾಸಿಯಾಗುತ್ತೆ ಅಂತ ಅವನು ಹೇಳಿರಲಿಲ್ಲ, ನಮ್ಮಂಥವರು ಹೇಳಿದ್ವಿ. ಅವನ ಹೆಸರಲ್ಲಿ ನಮ್ಮ ಆಸೆ ಹೇಳಿಬಿಟ್ವಿ. ಹಾಗಾಗಲಿಲ್ಲ ಅಂದಾಗ ನಿಮಗೆ ಮುಖ ತೋರ್ಸೋಕೆ ಧೈರ್ಯ ಬರ್ಲಿಲ್ಲ. ತಪ್ಪಾಯ್ತಮ್ಮ. ಕ್ಷಮಿಸಿಬಿಡಿ.”

“ನೀವ್ಯಾಕೆ ಕ್ಷಮೆ ಕೇಳ್ತೀರಿ? ನೀವು ಅಲ್ಲಿರಲೇ ಇಲ್ವಲ್ಲ.”

“ಇದ್ದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ.”

ಭಾವನ ಕಣ್ಣಲ್ಲಿ ನೀರು. ಆಕೆ ಅಂಗೈಯಲ್ಲಿ ಮುಖ ಒರೆಸಿಕೊಂಡರು. “ನನಗೋಸ್ಕರ ಈಗ್ಲೂ ಪ್ರಾರ್ಥನೆ ಮಾಡ್ತೀರಾ?”

“ದಿನಾ ಮಾಡ್ತೀನಿ. ಕಣ್ಣು ಬಿಟ್ಕೊಂಡೇ, ಮನಸ್ಸಲ್ಲೇ. ಹಿಂದೆ ಕೂತಿದ್ದಾನಲ್ಲ, ಅವನಿಗೂ ಗೊತ್ತಾಗಿಲ್ಲ.”

ಆಕೆಗೆ ಅಳುವಿನ ನಡುವೆಯೇ ನಗು ಬಂತು. ಮತ್ತೆ ಬಂದು ಕೂತು, ಕಾರು ಸ್ಟಾರ್ಟ್ ಮಾಡಿ, ಗೇಟು ದಾಟಿ ಒಳಗೆ ತೆಗೆದುಕೊಂಡು ಹೋದರು.

ಮುಂದಿನ ಭಾನುವಾರ ಅಕ್ಕನ ಕಾಟ ತಾಳಲಾರದೆ ನಾನೂ ಅವರ ಸಭೆಗೆ ಹೋಗಿದ್ದೆ. ಭಾವ ಎದ್ದು ನಿಂತು, ದೇವರು ತಮ್ಮನ್ನು ನಡೆಸಿದ ಬಗೆಯನ್ನು ಎಲ್ಲರೆದುರು ಹೇಳುವ ‘ಸಾಕ್ಷಿ’ ಹೇಳಿದರು. ಹೆಸರು ಹೇಳದೆ, ಈ ಸಂಗತಿಯನ್ನೇ. ಎಲ್ಲರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು. “ಆಮೇಲೆ ಆ ತಾಯಿಗೆ ಏನಾಯ್ತು?” ಎಂದು ಸಭಾಪಾಲಕರು ಆಸೆಯಿಂದ ಕೇಳಿದರು.

“ಆಮೇಲೆ ಗಾಡಿ ಒಳಗೆ ತಗೊಂಡು, ಎರಡು ಗೆರೆ ಮಧ್ಯೆ ನೇರವಾಗಿ ನಿಲ್ಲಿಸಿದ್ರು” ಎಂದು ಭಾವ ಕೂತುಬಿಟ್ಟರು.

ಅಕ್ಕ ಒಬ್ಬಳೇ “ಆಮೆನ್” ಎಂದಳು. ನನಗಂತೂ ಚಪ್ಪಾಳೆ ತಟ್ಟಬೇಕು ಎನಿಸಿತ್ತು.

ಟೆಸ್ಟಿನ ದಿನ ಬಂತು. ಆಫೀಸಿನ ಮುಂದೆ ಮೂವರೂ ಕಾರು ಹತ್ತಿದೆವು. ನಾನು ಎಂದಿನಂತೆ ಹಿಂದೆ. “ನನಗೆ ನಂಬಿಕೆ ಇಲ್ಲ ಅಂತ ನಿಮಗೆ ಗೊತ್ತಲ್ಲ ಮೇಷ್ಟ್ರೇ” ಎಂದು ಆಕೆ ಹತ್ತುವಾಗಲೇ ಹೇಳಿದ್ದರು. ಈಗ ಕೀ ಮೇಲೆ ಕೈಯಿಟ್ಟು ತಿರುಗಿಸದೆ ಕೂತಿದ್ದರು. ಮತ್ತೆ ಭಯ ಹಿಡಿಯಿತೇನೋ ಎಂದು ನನಗೆ ಗಾಬರಿಯಾಯಿತು.

ಆಕೆ ಭಾವನ ಕಡೆ ತಿರುಗಿದರು. “ನಿಮ್ದು ಮುಗೀತಾ?”

“ಏನಮ್ಮ?”

“ಅದೇ, ನಿಮ್ಮ ಪ್ರಾರ್ಥನೆ. ಅವಸರ ಇಲ್ಲ, ಕಾಯ್ತೀನಿ. ಕಣ್ಣು ಮುಚ್ಕೊಂಡೇ ಮಾಡಿ.”

ಭಾವನ ಕೈ ಬೆಲ್ಟಿನ ಗುಂಡಿಯ ಮೇಲೆ ಹೋಯಿತು. ನನಗೆ ಕೊಟ್ಟ ಮಾತಿನಂತೆ ಕೆಳಗಿಳಿಯಲು ಹೊರಟಿದ್ದರು, ಪುಣ್ಯಾತ್ಮ. ನಾನು ಹಿಂದಿನಿಂದ ಅವರ ಭುಜ ಹಿಡಿದೆ.

“ಇಳೀಬೇಡಿ ಭಾವ” ಎಂದೆ, “ಇಲ್ಲೇ ಮಾಡಿ.”